ರೇಷ್ಮೆಯ ಅಂಟು-ನಂಟು

ನಂಜನಗೂಡು ಎಂದೊಡನೆ ನಮ್ಮವರಿಗೆ ನೆನಪಾಗುವುದು ಮೂರು: ಶ್ರೀಕಂಠೇಶ್ವರ, ರಸಬಾಳೆ, ಹಲ್ಲುಪುಡಿ. ತಿರುಮಕೂಡಲು ನರಸೀಪುರ ಎಂದೊಡನೆ ನೆನಪಾಗುವುದು ಎರಡು: ನದಿಗಳ ಕೂಡಲು, ರೇಷ್ಮೆ. ನಂಜನಗೂಡಿನ ಸೋಪಾನಗಳನ್ನು ತೊಳೆದು ಹೊರಟ ಕಪಿಲೆಯೇ ಪೂರ್ವಕ್ಕೆ ಹರಿದು ನರಸೀಪುರದಲ್ಲಿ ಕಾವೇರಿಯ ಕೈ ಹಿಡಿಯುತ್ತಾಳೆ. ಎರಡೂ ಊರುಗಳು ಒಂದೇ ಹೊಳೆಯ ಮಕ್ಕಳು. ಆದರೆ ಒಂದೂರಿನ ಹಲ್ಲುಪುಡಿಗೂ ಮತ್ತೊಂದೂರಿನ ರೇಷ್ಮೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನೀವು ನಕ್ಕುಬಿಡಬಹುದು. ಸಂಬಂಧ ಉಂಟು. ಎರಡರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ಪ್ರೋಟೀನು ಎಂಬ ವಸ್ತು ಗಟ್ಟಿಯಾದ ಮೈಯೊಂದಕ್ಕೆ ಏಕೆ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸುವುದು ಹೇಗೆ, ಬೇಕೆಂದಾಗ ಮತ್ತೆ ಅಂಟಿಸುವುದು ಹೇಗೆ?

ಇದು ದೊಡ್ಡ ವಿಜ್ಞಾನದ ಮಾತಾಯಿತು, ನಮಗೇಕೆ ಎನ್ನಬೇಡಿ. ಬೆಳಗ್ಗೆ ಎದ್ದು ಹಾಲು ಕಾಯಿಸಿದ ಪಾತ್ರೆಯನ್ನು ನೋಡಿ. ತಳದಲ್ಲಿ ಬಿಳಿಯ ಪೊರೆಯೊಂದು ಹಿಡಿದಿರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹಾಲಿನ ಪ್ರೋಟೀನು. ಕಾವು ತಾಗಿ ಪಾತ್ರೆಯ ಲೋಹಕ್ಕೆ ಅಂಟಿದ್ದು. ಮನೆಯ ಹೆಂಗಸರು ಬಲ್ಲರು: ತಕ್ಷಣ ನೀರು ಹಾಕಿ ನೆನೆಯಿಟ್ಟರೆ ಅದು ಸುಲಭವಾಗಿ ಬಿಡುತ್ತದೆ, ಒಣಗಲು ಬಿಟ್ಟರೆ ತೆಂಗಿನ ನಾರಿಗೂ ಜಗ್ಗದು. ಇನ್ನು ಹಲ್ಲಿನ ವಿಷಯ. ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಆರಂಭಿಸಿ ಹಲ್ಲುಪುಡಿಯನ್ನು ಮನೆಮನೆಗೂ ಮುಟ್ಟಿಸಿದರು. ಆ ಪುಡಿಯಿಂದಲೋ ಮತ್ತಾವುದರಿಂದಲೋ ನೀವು ಹಲ್ಲನ್ನು ಥಳಥಳ ಉಜ್ಜಿ ಬಾಯಿ ಮುಕ್ಕಳಿಸಿ ಕಾಫಿಗೆ ಕುಳಿತುಕೊಳ್ಳುವಷ್ಟರಲ್ಲಿ, ಜೊಲ್ಲಿನಲ್ಲಿರುವ ಪ್ರೋಟೀನುಗಳು ಹಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯೊಂದನ್ನು ಆಗಲೇ ಹೊದಿಸಿಬಿಟ್ಟಿರುತ್ತವೆ. ಆ ಪೊರೆ ಹುಳಿಯಿಂದ ಹಲ್ಲನ್ನು ಕಾಯುತ್ತದೆ. ಹಲ್ಲು ಕೆಡಿಸುವ ಜೀವಾಣುಗಳು ಕಾಲೂರುವುದೂ ಅದರ ಮೇಲೆಯೇ. ಅಂಟು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಅದನ್ನು ಹಿಡಿತದಲ್ಲಿಟ್ಟುಕೊಳ್ಳುವುದೇ ಜಾಣತನ.

ಈ ಜಾಣತನಕ್ಕೆ ನಮ್ಮ ಸೀಮೆಯಲ್ಲಿ ಇನ್ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸ ಬರೆದಿರುವುದು ಕಾಗದದ ಮೇಲಲ್ಲ, ರೇಷ್ಮೆಯ ಎಳೆಯ ಮೇಲೆ.

ರೇಷ್ಮೆ ಎಂದರೆ ಏನು? ಅದು ಎರಡು ಪ್ರೋಟೀನುಗಳ ಜೋಡಿ. ಒಳಗಿರುವ ಹೊಳಪಿನ ಎಳೆ ಫೈಬ್ರಾಯಿನ್. ಅದನ್ನು ಸುತ್ತಿರುವ ಗೋಂದು ಸೆರಿಸಿನ್. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟಾಗ ಅದು ತಲೆಯನ್ನು ಅತ್ತಿತ್ತ ಆಡಿಸುತ್ತ ಎರಡು ಫೈಬ್ರಾಯಿನ್ ಎಳೆಗಳನ್ನು ಒಟ್ಟಿಗೆ ಹೊರಬಿಡುತ್ತದೆ. ಗೋಂದು ಆ ಎರಡನ್ನೂ ಒಂದಾಗಿ ಬೆಸೆಯುತ್ತದೆ, ಸುತ್ತಿನ ಮೇಲೆ ಸುತ್ತು ಹಾಕಿದ ಎಳೆಯನ್ನು ಗೂಡಾಗಿ ನಿಲ್ಲಿಸುತ್ತದೆ. ತೂಕದಲ್ಲಿ ನೋಡಿದರೆ ಸುಮಾರು ಮುಕ್ಕಾಲು ಪಾಲು ಫೈಬ್ರಾಯಿನ್, ಕಾಲು ಪಾಲು ಗೋಂದು. ಈ ಕಾಲು ಪಾಲನ್ನು ನೆನಪಿನಲ್ಲಿಟ್ಟುಕೊಳ್ಳಿ. ನಮ್ಮ ಕಥೆ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಇನ್ನೊಂದು ಸೋಜಿಗ. ಹುಳುವಿನ ಹೊಟ್ಟೆಯಲ್ಲಿರುವಾಗ ರೇಷ್ಮೆ ಎಳೆಯಾಗಿರುವುದಿಲ್ಲ, ಮಂದವಾದ ದ್ರವವಾಗಿರುತ್ತದೆ. ಆ ದ್ರವ ಹೊಟ್ಟೆಯೊಳಗೆ ಗಟ್ಟಿಯಾದರೆ ಹುಳು ಸತ್ತಿತು. ಹೊರಗೆ ಬಂದಮೇಲೆ ಗಟ್ಟಿಯಾಗದಿದ್ದರೆ ಗೂಡು ಕಟ್ಟಿದಂತಾಗಲಿಲ್ಲ. ಹುಳು ಇದನ್ನು ಸಾಧಿಸುವುದು ಲವಣಗಳಿಂದ. ನೀರಿನಲ್ಲಿ ಕರಗಿದ ಉಪ್ಪು ಒಡೆದು ಧನ ವಿದ್ಯುತ್ತಿನ ಕಣ, ಋಣ ವಿದ್ಯುತ್ತಿನ ಕಣ ಎಂದು ಎರಡಾಗುತ್ತದೆ. ಇವಕ್ಕೆ ಅಯಾನುಗಳು ಎಂದು ಹೆಸರು. ರೇಷ್ಮೆಯ ಗ್ರಂಥಿಯಲ್ಲಿ ದ್ರವ ಮುಂದೆ ಸಾಗಿದಂತೆಲ್ಲ ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದ ಅಯಾನುಗಳ ಪ್ರಮಾಣ ಬದಲಾಗುತ್ತದೆ, ಹುಳಿಯ ಅಂಶ ಏರುತ್ತದೆ, ನೀರು ಹಿಂಗುತ್ತದೆ. ಕೊನೆಗೆ ಬಾಯಿಯ ಬಳಿ ಎಳೆತ ಬಿದ್ದಾಗ ಪ್ರೋಟೀನಿನ ಸರಪಳಿಗಳು ಒಂದರ ಪಕ್ಕ ಒಂದು ಸಾಲುಗಟ್ಟಿ ಎಳೆಯಾಗುತ್ತವೆ. ಉಪ್ಪಿನಿಂದ ಪ್ರೋಟೀನನ್ನು ಆಳುವ ವಿದ್ಯೆಯಲ್ಲಿ ಮನುಷ್ಯನಿಗೆ ಮೊದಲ ಗುರು ಈ ಹುಳುವೇ ಎಂದರೆ ತಪ್ಪಲ್ಲ.

ಈ ಗುರು ನಮ್ಮ ನಾಡಿಗೆ ಬಂದದ್ದು ಹೇಗೆ? ನಂಜನಗೂಡಿನಲ್ಲಿ ಟಿಪ್ಪು ಸುಲ್ತಾನನ ಹೆಸರು ಹೇಳಿದರೆ ಹಿರಿಯರು ಒಂದು ಕಥೆ ಹೇಳುತ್ತಾರೆ. ಅವನ ಪಟ್ಟದಾನೆಗೆ ಕಣ್ಣು ಕೆಟ್ಟಿತಂತೆ. ನಂಜುಂಡೇಶ್ವರನಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತಂತೆ. ಅಂದಿನಿಂದ ಸುಲ್ತಾನ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನಂತೆ. ಅದು ಪ್ರತೀತಿ. ಅದೇ ಟಿಪ್ಪುವಿನ ಇನ್ನೊಂದು ಕೆಲಸಕ್ಕೆ ಲಿಖಿತ ಆಧಾರವೇ ಉಂಟು. 1786ರಲ್ಲಿ ಅವನು ಶ್ರೀರಂಗಪಟ್ಟಣದ ತನ್ನ ಅಧಿಕಾರಿಗೆ ಬರೆಸಿದ ಪತ್ರದಲ್ಲಿ, ಬಂಗಾಳದಿಂದ ತರಿಸುತ್ತಿರುವ ರೇಷ್ಮೆಹುಳುಗಳ ಪ್ರಸ್ತಾಪವಿದೆ. ಅವನ್ನು ಇಡುವುದಕ್ಕೆ ತಕ್ಕ ಜಾಗ ನೋಡಬೇಕೆಂಬ ಕಾಳಜಿ ಇದೆ. ಹಿಪ್ಪುನೇರಳೆಯ ಗಿಡ ಈ ಮಣ್ಣಿಗೆ ಒಗ್ಗಿತು. ವರ್ಷದಲ್ಲಿ ಹಲವು ಬೆಳೆ ಕೊಡುವ, ಹಸುರು ಮಿಶ್ರಿತ ಹಳದಿಯ ಸಣ್ಣ ಗೂಡು ಕಟ್ಟುವ ಹುಳು ‘ಮೈಸೂರು ತಳಿ’ ಎಂದೇ ಹೆಸರಾಯಿತು.

ಹುಳು ಬಂತು, ಗೂಡೂ ಬಂತು. ಆದರೆ ಗೂಡು ನೂಲಲ್ಲ. ಗೂಡನ್ನು ನೂಲು ಮಾಡುವಲ್ಲಿ ಅಂಟಿನ ವಿದ್ಯೆ ಶುರುವಾಗುತ್ತದೆ. ಹಳ್ಳಿಯ ಚರಕದ ಮುಂದೆ ಕುಳಿತ ಬಿಚ್ಚಾಣಿಕೆಯವರನ್ನು ನೀವು ನೋಡಿದ್ದೀರಾ? ಒಲೆಯ ಮೇಲೆ ಕುದಿಯುವ ನೀರಿನ ತೊಟ್ಟಿ. ಅದರಲ್ಲಿ ತೇಲಾಡುವ ಗೂಡುಗಳು. ಬಿಸಿನೀರು ಗೋಂದನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾಗದಿದ್ದರೆ ಎಳೆ ಬಿಚ್ಚದೆ ತುಂಡಾಗುತ್ತದೆ. ತೀರ ಕರಗಿಹೋದರೆ ಗೂಡು ಕಲಸಿಹೋಗಿ ಸಿಕ್ಕಾಗುತ್ತದೆ. ಇವೆರಡರ ನಡುವಿನ ಹದವನ್ನು ಕೈಬೆರಳೇ ಹೇಳಬೇಕು. ಎಂಟು ಹತ್ತು ಗೂಡುಗಳ ಕೊನೆಗಳನ್ನು ಒಟ್ಟಿಗೆ ಹಿಡಿದು, ಒಂದರ ಮೇಲೊಂದು ಹೊರಳಿಸಿ, ನೀರು ಹಿಂಡಿ, ರಾಟೆಗೆ ಸುತ್ತುತ್ತಾರೆ. ಈಗ ತಮಾಷೆ ನೋಡಿ: ತೊಟ್ಟಿಯಲ್ಲಿ ಬಿಟ್ಟ ಅದೇ ಗೋಂದು ರಾಟೆಯ ಮೇಲೆ ಆರುವಾಗ ಆ ಎಂಟು ಹತ್ತು ಎಳೆಗಳನ್ನೂ ಮತ್ತೆ ಬೆಸೆದು ಒಂದೇ ನೂಲು ಮಾಡುತ್ತದೆ. ಬಿಡಿಸಿದ್ದೂ ಅಂಟು, ಕೂಡಿಸಿದ್ದೂ ಅಂಟು. ಮೈಸೂರು ತಳಿಯ ಒಂದು ಗೂಡಿನಲ್ಲಿ ಸುಮಾರು 400 ಮೀಟರು ಉದ್ದದ ಎಳೆ. ಇತ್ತೀಚಿನ ದ್ವಿತಳಿ ಸಂಕರ ಗೂಡುಗಳಲ್ಲಿ ಸುಮಾರು 1,000 ಮೀಟರು. ಇಷ್ಟುದ್ದವೂ ಹದ ತಪ್ಪದಂತೆ ನೋಡಿಕೊಂಡವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅವರ ಬೆರಳುಗಳು ದಿನವಿಡೀ ಬಿಸಿನೀರಿನಲ್ಲಿ ನೆನೆದು ಬಿಳುಪೇರಿ, ಬಿರಿದು, ಹುಣ್ಣಾಗುತ್ತಿದ್ದವು. ಪಟ್ಟೆಸೀರೆಯ ಬೆಲೆಯನ್ನು ಹೇಳುವಾಗ ನಾವು ಜರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಆ ಬೆರಳನ್ನು ತೆಗೆದುಕೊಳ್ಳುವುದಿಲ್ಲ.

ನೂಲಾದ ಮೇಲೂ ಅದು ಇನ್ನೂ ಒರಟು, ಹೊಳಪಿಲ್ಲ. ಗೋಂದು ಹೋದರೆ ತಾನೇ ಒಳಗಿನ ಕಾಂತಿ ಹೊರಬೀಳುವುದು? ಪಟ್ಟೇಗಾರರು ಹಿಂದಿನಿಂದಲೂ ಇದಕ್ಕೆ ಸವಳನ್ನು ಬಳಸುತ್ತಿದ್ದರು. ಕ್ಷಾರದ ನೀರಿನಲ್ಲಿ ಕುದಿಸಿದರೆ ಗೋಂದು ಬಿಡುತ್ತದೆ, ಫೈಬ್ರಾಯಿನ್ ಉಳಿಯುತ್ತದೆ. ಆಮೇಲೆ ಸಾಬೂನು ಬಂತು, ಬಟ್ಟೆಸೋಡ ಬಂತು. ಬಣ್ಣ ಹಿಡಿಯಲು ಪಟಿಕ ಹಾಕುತ್ತಿದ್ದರು. ಪಟಿಕವೂ ಒಂದು ಲವಣವೇ, ಬಣ್ಣಕ್ಕೂ ಪ್ರೋಟೀನಿಗೂ ನಡುವೆ ನಿಂತು ಕೈ ಹಿಡಿಸುವ ದಲ್ಲಾಳಿ. ಕೊನೆಯಲ್ಲಿ ಸ್ವಲ್ಪ ಹುಳಿನೀರಿನಲ್ಲಿ ಅದ್ದುವ ಪದ್ಧತಿ ಉಂಟು. ಮದುವೆಮನೆಯಲ್ಲಿ ಪಟ್ಟೆಸೀರೆ ಉಟ್ಟ ಮುತ್ತೈದೆಯರು ನಡೆದಾಡುವಾಗ ಸರಬರ ಸದ್ದು ಕೇಳುತ್ತೀರಲ್ಲ, ಆ ಸದ್ದನ್ನು ರೇಷ್ಮೆಗೆ ಕೊಡುವುದು ಈ ಹುಳಿಯ ಸ್ನಾನ. ಕ್ಷಾರ, ಲವಣ, ಆಮ್ಲ: ರಸಾಯನಶಾಸ್ತ್ರದ ಪುಸ್ತಕದಲ್ಲಿ ಮೂರು ಅಧ್ಯಾಯ, ನಮ್ಮ ಬಣ್ಣಗಾರನಿಗೆ ಮೂರು ಹಂಡೆ.

ಯೂರೋಪಿನ ಪಂಡಿತರು ಈ ಹಂಡೆಗಳೊಳಗೆ ಇಣುಕಿ ನೋಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1865ರಲ್ಲಿ ಎಮಿಲ್ ಕ್ರಾಮರ್ ಎಂಬಾತ ರೇಷ್ಮೆಯ ಗೋಂದನ್ನು ಒಡೆದು ನೋಡಿ ಅದರಲ್ಲಿ ಒಂದು ಅಮೈನೋ ಆಮ್ಲವನ್ನು ಕಂಡುಹಿಡಿದ. ರೇಷ್ಮೆಗೆ ಲ್ಯಾಟಿನ್ ಭಾಷೆಯಲ್ಲಿ ‘ಸೆರಿಕಂ’ ಎಂದು ಹೆಸರು. ಅದರಿಂದ ಆ ಆಮ್ಲಕ್ಕೆ ‘ಸೆರೀನ್’ ಎಂದು ಹೆಸರಿಟ್ಟರು. ಇಂದು ನಮ್ಮ ನಿಮ್ಮ ಮೈಯ ಪ್ರೋಟೀನುಗಳಲ್ಲೆಲ್ಲ ಇರುವ ವಸ್ತು ಅದು. ಚರಂಡಿಗೆ ಚೆಲ್ಲುತ್ತಿದ್ದ ಗೋಂದಿನಲ್ಲಿ ಮೊದಲು ಸಿಕ್ಕಿತು ಎಂಬುದನ್ನು ಮರೆಯಬಾರದು.

1888ರಲ್ಲಿ ಪ್ರಾಗ್ ನಗರದ ಫ್ರಾಂಜ್ ಹಾಫ್‌ಮೈಸ್ಟರ್ ಕೋಳಿಮೊಟ್ಟೆಯ ಬಿಳಿಯನ್ನು ತೆಗೆದುಕೊಂಡು ಅದಕ್ಕೆ ಬೇರೆ ಬೇರೆ ಉಪ್ಪುಗಳನ್ನು ಹಾಕಿ ನೋಡಿದ. ಎಲ್ಲ ಉಪ್ಪುಗಳೂ ಒಂದೇ ರೀತಿ ಕೆಲಸ ಮಾಡಲಿಲ್ಲ. ಕೆಲವು ಉಪ್ಪು ಸ್ವಲ್ಪ ಹಾಕಿದರೂ ಪ್ರೋಟೀನು ಗರಣೆಗಟ್ಟಿ ತಳಕ್ಕೆ ಕೂತಿತು. ಮತ್ತೆ ಕೆಲವು ಎಷ್ಟು ಹಾಕಿದರೂ ಅದು ಕರಗಿಯೇ ಇತ್ತು. ಹಾಫ್‌ಮೈಸ್ಟರ್ ಲವಣಗಳನ್ನು ಅವುಗಳ ಬಲಕ್ಕೆ ಅನುಸಾರವಾಗಿ ಒಂದು ಸಾಲಿನಲ್ಲಿ ನಿಲ್ಲಿಸಿದ. ಆ ಸಾಲು ಇಂದಿಗೂ ಅವನ ಹೆಸರಿನಲ್ಲಿಯೇ ಇದೆ. ಉಪ್ಪು ಎಂದರೆ ಉಪ್ಪೇ ಅಲ್ಲ, ಯಾವ ಉಪ್ಪು ಎಂಬುದು ಮುಖ್ಯ: ಇದು ಅವನು ಕಲಿಸಿದ ಪಾಠ.

ಇತ್ತ ಮೈಸೂರು ಸಂಸ್ಥಾನದಲ್ಲಿ ರೇಷ್ಮೆಯ ಬಾಳು ಏರಿಳಿಯುತ್ತಿತ್ತು. 1860ರ ದಶಕದಲ್ಲಿ ಹುಳುಗಳಿಗೆ ರೋಗ ತಗುಲಿ ಕಸುಬು ಕುಗ್ಗಿತು. ದೆ ವೆಕ್ಕಿ ಎಂಬ ಇಟಲಿಯವನು ಜಪಾನಿನಿಂದ ಮೊಟ್ಟೆ ತರಿಸಿ ಅದನ್ನು ಎತ್ತಿ ನಿಲ್ಲಿಸಲು ಹೆಣಗಿದ. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. 1890ರ ದಶಕದಲ್ಲಿ ಜಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ರೇಷ್ಮೆಯ ಕ್ಷೇತ್ರವೊಂದನ್ನು ತೆರೆದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಅಂದರೆ 1912ರಿಂದ 1918ರ ನಡುವೆ, ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ಕರೆಸಲಾಯಿತು. ರೇಷ್ಮೆ ಇಲಾಖೆಯ ಹೊಣೆ ಹೊತ್ತವರಲ್ಲಿ ನವರತ್ನ ರಾಮರಾಯರೂ ಒಬ್ಬರು. ‘ಕೆಲವು ನೆನಪುಗಳು’ ಬರೆದ ಅದೇ ರಾಮರಾಯರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನು ಸ್ಥಾಪಿಸಿದರು. ಮೊದಲು ಅರಮನೆಗೂ ಸೈನ್ಯಕ್ಕೂ ಬೇಕಾದ ಬಟ್ಟೆ ಅಲ್ಲಿ ಸಿದ್ಧವಾಗುತ್ತಿತ್ತು.

ಆಮೇಲೆ ಬಂತು ಕಷ್ಟಕಾಲ. 1930ರ ಸುಮಾರಿನಲ್ಲಿ ಲೋಕವೆಲ್ಲ ಬೆಲೆ ಕುಸಿದು, ಚೀನಾ ಜಪಾನುಗಳ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ನುಗ್ಗಿದವು. ಹಿಪ್ಪುನೇರಳೆಯ ತೋಟಗಳನ್ನು ರೈತರು ಕಿತ್ತುಹಾಕುವ ಸ್ಥಿತಿ. 1934ರಲ್ಲಿ ಆಮದಿನ ಮೇಲೆ ರಕ್ಷಣಾ ಸುಂಕ ಹಾಕಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ಧುಮುಕುವವರ ಛತ್ರಿಗಳಿಗೆ ರೇಷ್ಮೆ ಬೇಕಾಯಿತು. ಬೇಡಿಕೆ ಮತ್ತೆ ಏರಿತು. ಆದರೆ ಛತ್ರಿಗೆ ಬೇಕಾದ ನೂಲು ಏಕಪ್ರಕಾರವಾಗಿರಬೇಕು. ಒಂದೆಡೆ ದಪ್ಪ ಒಂದೆಡೆ ಸಣ್ಣ ಎನ್ನುವಂತಿಲ್ಲ. ಮನೆಯ ಚರಕದಿಂದ ಫಿಲೇಚರ್ ಎಂಬ ಬಿಚ್ಚಾಣಿಕೆ ಕಾರ್ಖಾನೆಗೆ ದಾರಿ ಮಾಡಿದ್ದು ಇಂಥ ಒತ್ತಾಯವೇ. ಕಾರ್ಖಾನೆಯಲ್ಲಿ ಗೂಡನ್ನು ಬೇಯಿಸುವ ತೊಟ್ಟಿ ಬೇರೆ, ಎಳೆ ಬಿಚ್ಚುವ ತೊಟ್ಟಿ ಬೇರೆ. ಮೊದಲಿನದು ಸುಡುಬಿಸಿ, ಎರಡನೆಯದು ಉಗುರುಬೆಚ್ಚಗಿಂತ ಸ್ವಲ್ಪ ಹೆಚ್ಚು. ಬೆರಳಿಗೆ ಅಷ್ಟರ ಮಟ್ಟಿಗೆ ವಿರಾಮ. ಅಂಟಿನ ಹದಕ್ಕೆ ಉಷ್ಣಮಾಪಕದ ಕಾವಲು.

ತಿ. ನರಸೀಪುರದ ಫಿಲೇಚರ್ ಈ ಪರಂಪರೆಗೆ ಸೇರಿದ್ದು. ಇಂದು ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತದಲ್ಲಿದೆ. ಮೈಸೂರಿನ ನೇಯ್ಗೆ ಕಾರ್ಖಾನೆ ನಿಗಮಕ್ಕೆ ಸೇರಿದ್ದು 1980ರಲ್ಲಿ. ನರಸೀಪುರದಲ್ಲಿ ಬಿಚ್ಚಿದ ನೂಲು ಮೈಸೂರಿನಲ್ಲಿ ಸೀರೆಯಾಗುತ್ತದೆ. ಮೈಸೂರು ಕ್ರೇಪ್ ಸೀರೆಯ ಗುಟ್ಟೂ ಅಂಟಿನದೇ. ನೂಲಿಗೆ ಬಿಗಿಯಾಗಿ ಹುರಿ ಕೊಟ್ಟು, ಗೋಂದನ್ನು ಹಾಗೆಯೇ ಉಳಿಸಿಕೊಂಡು ನೇಯುತ್ತಾರೆ. ಗೋಂದು ಹುರಿಯನ್ನು ಹಿಡಿದಿಟ್ಟಿರುತ್ತದೆ. ನೇಯ್ದಾದ ಮೇಲೆ ಬಟ್ಟೆಯನ್ನು ಕುದಿಸಿ ಗೋಂದು ತೆಗೆದಾಗ ಬಂಧನ ಬಿಟ್ಟ ನೂಲು ಹೊರಳಿ ನಸುಸುಕ್ಕಾಗುತ್ತದೆ. ನೀವು ಸೆರಗನ್ನು ಮುಟ್ಟಿದಾಗ ಬೆರಳಿಗೆ ತಿಳಿಯುವ ಆ ಮೃದುವಾದ ಮರಳುಮರಳು ಸ್ಪರ್ಶ, ಹೋದ ಗೋಂದು ಬಿಟ್ಟುಹೋದ ಗುರುತು.

ಇಷ್ಟು ಹಳೆಯ ಕಥೆ. ಇನ್ನು ಹೊಸ ಉಪ್ಪಿನ ಕಥೆಗೆ ಬರೋಣ.

ಅಡಿಗೆಯ ಉಪ್ಪು ಕರಗಿ ದ್ರವವಾಗಬೇಕಾದರೆ 801 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಆ ಕಾವಿನಲ್ಲಿ ಯಾವ ಪ್ರೋಟೀನೂ ಉಳಿಯದು. 1914ರಲ್ಲಿ ರೀಗಾ ನಗರದ ರಸಾಯನಶಾಸ್ತ್ರಜ್ಞ ಪೌಲ್ ವಾಲ್ಡೆನ್ ಒಂದು ವಿಚಿತ್ರ ಲವಣವನ್ನು ವರ್ಣಿಸಿದ: ಈಥೈಲ್ ಅಮೋನಿಯಂ ನೈಟ್ರೇಟ್. ಅದು 12 ಡಿಗ್ರಿಯಲ್ಲಿಯೇ ಕರಗುತ್ತದೆ! ಎಂದರೆ ಮೈಸೂರಿನ ಹವೆಯಲ್ಲಿ ಸೀಸೆಯೊಳಗಿಟ್ಟರೆ ನೀರಿನಂತೆ ಅಲುಗಾಡುತ್ತದೆ. ಉಪ್ಪಿನ ನೀರಲ್ಲ, ನೀರೇ ಇಲ್ಲದ ಉಪ್ಪು. ಅದರಲ್ಲಿ ಇರುವುದೆಲ್ಲ ಅಯಾನುಗಳು. ಇಂಥವಕ್ಕೆ ಅಯಾನಿಕ ದ್ರವಗಳು ಎಂದು ಹೆಸರು ಬಂತು. ಅಯಾನುಗಳ ಆಕಾರ ದೊಡ್ಡದೂ ಅಂಕುಡೊಂಕೂ ಆಗಿರುವುದರಿಂದ ಅವು ಅಡಿಗೆಯ ಉಪ್ಪಿನಂತೆ ಅಚ್ಚುಕಟ್ಟಾಗಿ ಹರಳುಗಟ್ಟಲಾರವು. ಒರಟು ಕಲ್ಲುಗಳಿಂದ ಗೋಡೆ ಕಟ್ಟಲು ಹೋದಂತೆ. ವಾಲ್ಡೆನ್ನನ ಕಾಲಕ್ಕೆ ಇದು ಕುತೂಹಲದ ವಸ್ತುವಾಗಿಯೇ ಉಳಿಯಿತು. 1934ರಲ್ಲಿ, ನಮ್ಮ ರೇಷ್ಮೆಗೆ ರಕ್ಷಣಾ ಸುಂಕ ಬಂದ ಅದೇ ವರ್ಷ, ಚಾರ್ಲ್ಸ್ ಗ್ರೇನಾಕರ್ ಎಂಬಾತ ಇಂಥ ಲವಣಗಳಿಂದ ಹತ್ತಿ, ಮರಗಳ ನಾರುವಸ್ತುವನ್ನು ಕರಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. 1992ರಲ್ಲಿ ವಿಲ್ಕ್ಸ್ ಮತ್ತು ಜವೊರೊಟ್ಕೊ ಎಂಬಿಬ್ಬರು ಗಾಳಿಗೂ ತೇವಕ್ಕೂ ಕೆಡದ ಅಯಾನಿಕ ದ್ರವಗಳನ್ನು ತಯಾರಿಸಿ ತೋರಿಸಿದ ಮೇಲೆ ಈ ಶಾಸ್ತ್ರ ಚುರುಕಾಯಿತು. 2004ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ನಮ್ಮ ಹಿಪ್ಪುನೇರಳೆ ರೇಷ್ಮೆಯ ಫೈಬ್ರಾಯಿನ್ನನ್ನೇ ಅಯಾನಿಕ ದ್ರವದಲ್ಲಿ ಕರಗಿಸಿತು. ಕರಗಿದ ದ್ರವವನ್ನು ಗಟ್ಟಿಯಾದ ಮೈಯ ಮೇಲೆ ಹರಡಿ, ಲವಣವನ್ನು ತೊಳೆದು ತೆಗೆದು, ರೇಷ್ಮೆಯ ತೆಳು ಪೊರೆಯನ್ನು ಪಡೆಯಿತು. ಹುಳು ಕಟ್ಟಿದ್ದನ್ನು ಬಿಚ್ಚಿ, ಮನುಷ್ಯ ತನಗೆ ಬೇಕಾದ ಆಕಾರದಲ್ಲಿ ಮತ್ತೆ ಕಟ್ಟಿದ ಹಾಗಾಯಿತು.

ಈ ಲವಣ ಪ್ರೋಟೀನನ್ನು ಹೇಗೆ ಆಳುತ್ತದೆ? ನಂಜನಗೂಡಿನ ದೊಡ್ಡ ಜಾತ್ರೆಗೆ ಹೋಗುವ ರೈಲನ್ನು ಊಹಿಸಿಕೊಳ್ಳಿ. ಡಬ್ಬಿಯ ಸೀಟುಗಳೇ ಗಟ್ಟಿಯಾದ ಮೈ, ಪ್ರಯಾಣಿಕರೇ ಪ್ರೋಟೀನು. ಮೊದಲು ಓಡಿ ಬಂದು ಕೂರುವವರು ಚುರುಕಾದ ಹುಡುಗರು. ಆಮೇಲೆ ನಿಧಾನವಾಗಿ ಬಂದ ಹಿರಿಯರು ‘ಏಳಪ್ಪ ಮರಿ’ ಎಂದು ಅವರನ್ನು ಎಬ್ಬಿಸಿ ತಾವು ಕೂರುತ್ತಾರೆ, ಮತ್ತೆ ಏಳುವುದಿಲ್ಲ. ರಕ್ತವನ್ನು ಗಾಜಿನ ಮೇಲಿಟ್ಟಾಗ ಪ್ರೋಟೀನುಗಳು ನಡೆದುಕೊಳ್ಳುವುದೂ ಹೀಗೆಯೇ ಎಂಬುದನ್ನು ಲಿಯೊ ವ್ರೋಮನ್ 1960ರ ದಶಕದಲ್ಲಿ ತೋರಿಸಿಕೊಟ್ಟ. ಈಗ ಯಾರೋ ಕಿಟಕಿಯಿಂದಲೇ ಸೀಟಿನ ಮೇಲೆ ಟವೆಲು ಎಸೆದರೆಂದುಕೊಳ್ಳಿ. ಬಂದವರು ಟವೆಲು ನೋಡಿ ಮುಂದೆ ಹೋಗುತ್ತಾರೆ. ಅಯಾನಿಕ ದ್ರವದ ಕಣಗಳು ಈ ಟವೆಲಿನಂತೆ. ಗಾಜಿನ ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುತ್ತಿರುತ್ತದೆ. ಧನ ಕಣಗಳು ಮೊದಲು ಹೋಗಿ ಅಲ್ಲಿ ಹಾಸಿಕೊಂಡರೆ, ಧನ ವಿದ್ಯುತ್ತುಳ್ಳ ಪ್ರೋಟೀನಿಗೆ ಅಲ್ಲಿ ಸ್ಥಳವಿಲ್ಲ. ಋಣ ವಿದ್ಯುತ್ತುಳ್ಳದ್ದಕ್ಕೆ ಸ್ವಾಗತ. ಮತ್ತೆ ಕೆಲವು ಕಣಗಳು ಪ್ರೋಟೀನನ್ನೇ ಸುತ್ತುವರಿದು ಅದರ ಮಡಿಕೆ ಬಿಚ್ಚದಂತೆ ಕಾಪಾಡುತ್ತವೆ. ಇನ್ನು ಕೆಲವು ಸರಪಳಿಗಳ ನಡುವಿನ ಕೊಂಡಿಗಳನ್ನು ಕಳಚಿ ಕರಗಿಸಿಬಿಡುತ್ತವೆ. ಯಾವ ಧನ ಕಣಕ್ಕೆ ಯಾವ ಋಣ ಕಣವನ್ನು ಜೊತೆ ಮಾಡಬೇಕು ಎಂಬುದು ನಮ್ಮ ಕೈಯಲ್ಲಿದೆ. ಆದುದರಿಂದ ಅಂಟಿಸಬೇಕೋ, ಬಿಡಿಸಬೇಕೋ, ಎಷ್ಟು ಅಂಟಿಸಬೇಕೋ ಎಂಬುದನ್ನು ಹೊಂದಿಸಿಕೊಳ್ಳಲು ಬರುತ್ತದೆ. ಹಾಫ್‌ಮೈಸ್ಟರ್ ಕಂಡ ಸಾಲನ್ನು ಈಗ ನಾವೇ ಬೇಕಾದಂತೆ ಜೋಡಿಸಿಕೊಳ್ಳುತ್ತಿದ್ದೇವೆ ಎನ್ನಬಹುದು.

ಇದರಿಂದ ನಮ್ಮ ಸೀಮೆಗೆ ಏನು? ಈಗ ಆ ಕಾಲು ಪಾಲನ್ನು ನೆನಪು ಮಾಡಿಕೊಳ್ಳಿ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳೆಂಟು ಕಿಲೋ ಗೂಡು ಬೇಕು. ನಾಲ್ಕು ಕಿಲೋ ಕಚ್ಚಾ ರೇಷ್ಮೆಯನ್ನು ಕುದಿಸಿದರೆ ಸುಮಾರು ಒಂದು ಕಿಲೋ ಗೋಂದಾಗಿ ನೀರಿಗೆ ಹೋಗುತ್ತದೆ. ರೈತ ಸೊಪ್ಪು ಹಾಕಿ, ರಾತ್ರಿ ನಿದ್ದೆಗೆಟ್ಟು, ನಾಲ್ಕು ಜ್ವರ ದಾಟಿಸಿ ಸಾಕಿದ ಹುಳು ಕೊಟ್ಟ ಪ್ರೋಟೀನಿನ ಕಾಲು ಭಾಗ! ಬಿಚ್ಚುವಾಗಲೂ ನೇಯುವಾಗಲೂ ಅದು ತನ್ನ ಸೇವೆಯನ್ನು ಸಲ್ಲಿಸಿಯೇ ಹೋಗುತ್ತದೆ, ನಿಜ. ಆದರೆ ಹೋಗುವುದು ಎಲ್ಲಿಗೆ? ಸಾಬೂನಿನ ಜೊತೆ ಬೆರೆತ ಆ ನೀರನ್ನು ಹಾಗೆಯೇ ಹೊರಬಿಟ್ಟರೆ, ಅದು ಕೊಳೆಯುವಾಗ ಹೊಳೆಯ ಪ್ರಾಣವಾಯುವನ್ನೇ ಹೀರುತ್ತದೆ, ಮೀನಿಗೆ ಉಸಿರಿಲ್ಲ. ಸೆರಿಸಿನ್ ಇಂದು ಕಸವಲ್ಲ. ಚರ್ಮದ ಲೇಪಗಳಲ್ಲಿ ಅದನ್ನು ಬಳಸುತ್ತಾರೆ. ಗಾಯ ಮುಚ್ಚುವ ಪೊರೆಗಳಲ್ಲಿ, ಜೀವಕೋಶಗಳನ್ನು ಬೆಳೆಸುವ ದ್ರವಗಳಲ್ಲಿ ಅದರ ಪ್ರಯೋಗಗಳು ನಡೆದಿವೆ. ಸಾಬೂನಿಲ್ಲದೆ, ಒತ್ತಡದಲ್ಲಿ ಕಾಯಿಸಿದ ಬರಿಯ ನೀರಿನಿಂದ ಗೋಂದು ಬಿಡಿಸಿದರೆ ಅದನ್ನು ಶುದ್ಧವಾಗಿ ಹಿಂದಕ್ಕೆ ಪಡೆಯಬಹುದು. ಇನ್ನು ಬಿಚ್ಚಲು ಬಾರದ ತೂತುಗೂಡು, ಸಿಕ್ಕುಗೂಡು, ಚರಕದ ಕೆಳಗೆ ಉಳಿದ ರೇಷ್ಮೆ ವೇಸ್ಟು ಇವೆಯಲ್ಲ, ಅಯಾನಿಕ ದ್ರವದ ಕಣ್ಣಿಗೆ ಅವೂ ಒಳ್ಳೆಯ ಫೈಬ್ರಾಯಿನ್ನೇ. ಎಳೆ ಉದ್ದವಿಲ್ಲದಿದ್ದರೆ ಸೀರೆಗೆ ಆಗದು. ಆದರೆ ಕರಗಿಸಿ ಪೊರೆ ಮಾಡುವುದಕ್ಕೆ ಉದ್ದವೇಕೆ?

ಹಾಗೆಂದು ಹೊಸ ಉಪ್ಪು ಬಂದೊಡನೆ ಎಲ್ಲವೂ ಸರಿಹೋಯಿತು ಎಂದು ನಂಬಬಾರದು. ಅಯಾನಿಕ ದ್ರವಗಳಲ್ಲಿ ಹಲವು ದುಬಾರಿ; ಒಮ್ಮೆ ಬಳಸಿದ್ದನ್ನು ಮತ್ತೆ ಮತ್ತೆ ಬಳಸಿದರೆ ಮಾತ್ರ ಗಿಟ್ಟೀತು. ಅವುಗಳಲ್ಲಿ ಕೆಲವು ಆವಿಯಾಗಿ ಗಾಳಿಗೆ ಹೋಗುವುದಿಲ್ಲ ಎಂಬುದು ಹೊಗಳಿಕೆಯ ಮಾತಾದರೆ, ನೀರಿಗೆ ಬಿದ್ದರೆ ಬೇಗ ಕೊಳೆಯದೆ ಜಲಚರಗಳಿಗೆ ವಿಷವಾಗುತ್ತವೆ ಎಂಬುದು ಎಚ್ಚರಿಕೆಯ ಮಾತು. ಕೋಲೀನ್ ಎಂಬ, ನಮ್ಮ ಆಹಾರದಲ್ಲಿಯೇ ಇರುವ ವಸ್ತುವಿನಿಂದ ಸೌಮ್ಯವಾದ ದ್ರವಗಳನ್ನು ಮಾಡುವ ಪ್ರಯತ್ನ ಅದಕ್ಕಾಗಿಯೇ ನಡೆದಿದೆ. ಸಾಬೂನು ನೀರಿನಿಂದ ಕಪಿಲೆಯನ್ನು ಕಾಪಾಡಲು ಹೋಗಿ ಅದಕ್ಕಿಂತ ಕಟುವಾದದ್ದನ್ನು ಅವಳ ಮಡಿಲಿಗೆ ಹಾಕಿದರೆ ಯಾರಿಗೆ ಲಾಭ? ಮೈಸೂರಿನಲ್ಲಿಯೇ ಕೇಂದ್ರ ರೇಷ್ಮೆ ಸಂಶೋಧನ ಮತ್ತು ತರಬೇತಿ ಸಂಸ್ಥೆ ಇದೆ. 1990ರ ದಶಕದಲ್ಲಿ ಜಪಾನಿನ ಸಹಕಾರದಿಂದ ಒಳ್ಳೆಯ ದ್ವಿತಳಿ ಸಂಕರಗಳನ್ನು ಕೊಟ್ಟ ಸಂಸ್ಥೆ ಅದು. ಹುಳುವನ್ನು ಸುಧಾರಿಸಿದ್ದಾಯಿತು, ಯಂತ್ರವನ್ನು ಸುಧಾರಿಸಿದ್ದಾಯಿತು. ಗೋಂದಿನ ಲೆಕ್ಕ ಮಾತ್ರ ಇನ್ನೂ ಬಾಕಿ ಉಳಿದಿದೆ. ಆ ಲೆಕ್ಕ ಚುಕ್ತಾ ಆಗುವ ದಿನ ಅದರಲ್ಲಿ ಬರುವ ಕಾಸಿನ ಒಂದು ಪಾಲು ಗೂಡು ಬೆಳೆದವನಿಗೂ, ತೊಟ್ಟಿಯಲ್ಲಿ ಕೈಯಿಟ್ಟವಳಿಗೂ ಮುಟ್ಟಬೇಕು. ಇಲ್ಲವಾದರೆ ಹೊಸ ವಿದ್ಯೆಯೂ ಹಳೆಯ ಅನ್ಯಾಯಕ್ಕೆ ಹೊಸ ಹೊಳಪು ಕೊಟ್ಟಂತಾಗುತ್ತದೆ.

ತಿರುಮಕೂಡಲಿಗೆ ಹೋದಾಗ ನೀವು ಗುಂಜಾ ನರಸಿಂಹನ ದರ್ಶನ ಮಾಡಿಯೇ ಇರುತ್ತೀರಿ. ಸ್ವಾಮಿಯ ಬೆರಳುಗಳ ನಡುವೆ ಒಂದು ಗುಲಗಂಜಿ. ಮಹಿಮೆಯಲ್ಲಿ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಚಿನಿವಾರನ ತಕ್ಕಡಿಯಲ್ಲಿ ಗುಲಗಂಜಿ ಎಷ್ಟರ ತೂಕ? ಆದರೂ ತಟ್ಟೆ ಯಾವ ಕಡೆಗೆ ಬಾಗಬೇಕೆಂಬುದನ್ನು ಕೆಲವು ವೇಳೆ ಅದೇ ತೀರ್ಮಾನಿಸುತ್ತದೆ. ಪ್ರೋಟೀನಿನ ಲೋಕದಲ್ಲಿಯೂ ಹಾಗೆಯೇ: ಹಿಡಿಯಷ್ಟು ಉಪ್ಪು, ಚಿಟಿಕೆಯಷ್ಟು ಹುಳಿ, ಎರಡು ಡಿಗ್ರಿ ಕಾವು, ಅಂಟು ಬಿಡುತ್ತದೆ, ಇಲ್ಲವೇ ಹಿಡಿಯುತ್ತದೆ. ಇದನ್ನು ಹುಳು ಬಲ್ಲದು. ಬಿಚ್ಚಾಣಿಕೆಯ ಹೆಂಗಸಿನ ಬೆರಳು ಬಲ್ಲದು. ವಿಜ್ಞಾನಿ ಈಗೀಗ ಬಲ್ಲವನಾಗುತ್ತಿದ್ದಾನೆ. ಮುಂದಿನ ಹಬ್ಬಕ್ಕೆ ಪೆಟ್ಟಿಗೆಯಿಂದ ಪಟ್ಟೆಸೀರೆ ತೆಗೆದಾಗ ಒಮ್ಮೆ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿ. ಅದರಿಂದ ಬಿಟ್ಟುಹೋದ ಅಂಟಿನ ಜೊತೆಗೆ ಎಷ್ಟು ಜನರ ನಂಟು ಇನ್ನೂ ಉಳಿದಿದೆ ಎಂಬುದು ನಿಮಗೇ ತಿಳಿಯುತ್ತದೆ.